ಕಾಫಿ ಹೂವಿನ ಕಾಲದ ಒಂದು ಕಂಟ್ರಿ ಹಾಡು

ಕಂಟ್ರಿ ಹಾಡು, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡು, ಬರೆಯೋಕೆ ಅಲ್ಲೇ ಹುಟ್ಟಬೇಕು ಅಂತೇನಿಲ್ಲ. 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಊರಿನಲ್ಲಿ ಕಂಟ್ರಿ ಗಾಯಕರಾದ ಕಾರ್ಟರ್ ಕುಟುಂಬದವರು, ಜಿಮ್ಮಿ ರಾಡ್ಜರ್ಸ್ ಮೊದಲ ಸಲ ರೆಕಾರ್ಡ್ ಮಾಡಿದಾಗ ಹಾಡಿದ್ದು ಸಾಮಾನ್ಯ ಜನರ ಪ್ರೀತಿ, ಅಗಲಿಕೆ. ಅದು ಕೊಡಗಿನಲ್ಲೂ ಇದೆ, ಅಲ್ವಾ?

ನನ್ನ ಹಾಡಿನಲ್ಲಿರೋದು ಪಿಯುಸಿ ರಜೆಯ ಪ್ರೀತಿ. ಗೋಣಿಕೊಪ್ಪದ ಹತ್ತಿರ ಅಜ್ಜಿ ಮನೆಗೆ ಬಂದಿದ್ದ ಹುಡುಗಿ, ಹಾಕಿ ಮ್ಯಾಚ್ ನೋಡುವ ನೆಪದಲ್ಲಿ ಮೈದಾನದ ಅಂಚಿನಲ್ಲಿ ಸಿಗುತ್ತಿದ್ದಳು, ಮಾತಿಗಿಂತ ನಗುವೇ ಜಾಸ್ತಿ. ಅಷ್ಟೇ ಕಥೆ. ಆದರೆ ಪಲ್ಲವಿ ಸಿಕ್ಕಿದ್ದು ಕಾಫಿ ತೋಟದಿಂದ. ಬೇಸಿಗೆಯ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಘಮ ರಸ್ತೆವರೆಗೂ ಬರುತ್ತದೆ, ಮೂರು-ನಾಲ್ಕು ದಿನದಲ್ಲಿ ಹೂವು ಬಾಡಿಹೋಗುತ್ತದೆ. ರಜೆಯ ಪ್ರೀತಿಗೆ ಇದಕ್ಕಿಂತ ಸರಿಯಾದ ಮಾತು ನನಗೆ ಬೇಕಿರಲಿಲ್ಲ.

ರಾಗ ಸರಳ. ಗಿಟಾರ್‌ನಲ್ಲಿ ಜಿ, ಸಿ, ಡಿ, ಈ ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ವಾಲ್ಟ್ಜ್‌ನ ಅಂದರೆ ಪಾಶ್ಚಾತ್ಯ ಜೋಡಿ ಕುಣಿತದ ಒಂದು-ಎರಡು-ಮೂರು ನಡೆ ಹಿಡಿದೆ, ಯಾಕೆಂದರೆ ಮೂರು ಮಾತ್ರೆಯ ಗಣ ಕನ್ನಡಕ್ಕೆ ಮೊದಲಿಂದಲೂ ಗೊತ್ತು, ಸುಮ್ನೆ ಎಳೆದು ಕೂರಿಸಬೇಕಾಗಿಲ್ಲ:

ಹೂವು ಬಿಟ್ಟ ತೋಟ ದಾಟಿ
ಬಸ್ಸು ಹೊರಟ ಬೇಸಿಗೆ

ಚರಣದಲ್ಲಿ 'ಪ್ರೀತಿ' ಅನ್ನೋ ಪದವೇ ಇಲ್ಲ. ಹಾಕಿ ಸ್ಟಿಕ್, ಕೆಂಪು ಧೂಳು, ಅಜ್ಜಿ ಕೊಟ್ಟ ಕಿತ್ತಳೆ ಇವೆ. ಕಂಟ್ರಿಯಲ್ಲಿ ನನಗೆ ತುಂಬಾ ಇಷ್ಟ ಆಗೋದೇ ಇದು, ವಸ್ತುಗಳ ಹೆಸರು ಹೇಳಿದರೆ ಸಾಕು, ಕೇಳುವವರಿಗೆ ತಮ್ಮ ರಜೆ ನೆನಪಾಗುತ್ತದೆ. ಎರಡನೇ ಚರಣ ಮುಗಿದಿದೆ. ಪಿಟೀಲು ನುಡಿಸುವ ಗೆಳೆಯ ಈ ಭಾನುವಾರ ವಿರಾಜಪೇಟೆಯಿಂದ ಬರುತ್ತಾನೆ, ಆಮೇಲೆ ರೆಕಾರ್ಡಿಂಗ್.