ಶೀತಲಗೃಹದಲ್ಲಿ ರಾಸ್ಪ್‌ಬೆರಿ ಪೈ: ಅಂಕಿಯನ್ನು ಓದುವುದಕ್ಕಿಂತ ಪರೀಕ್ಷಿಸುವುದೇ ಹೆಚ್ಚು

ಬ್ಯಾಡಗಿ ಸುತ್ತಮುತ್ತಲಿನ ಮೆಣಸಿನಕಾಯಿ ಶೀತಲಗೃಹಗಳಲ್ಲಿ ಉಷ್ಣಾಂಶ ದಾಖಲಿಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರುಗಳನ್ನು ಅಳವಡಿಸಿ ನೋಡಿಕೊಳ್ಳುವುದು ನನ್ನ ಕೆಲಸ. ಸಂವೇದಕದಿಂದ ಅಂಕಿಯನ್ನು ಓದುವುದಕ್ಕೆ ಶೆಲ್ ಸ್ಕ್ರಿಪ್ಟಿನಲ್ಲಿ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಕಡತದಲ್ಲಿ) ಒಂದು ಸಾಲು ಸಾಕು. ಆ ಅಂಕಿಯನ್ನು ನಂಬಬಹುದೇ ಎಂದು ಪರೀಕ್ಷಿಸುವುದಕ್ಕೆ ಉಳಿದ ಸಾಲುಗಳೆಲ್ಲ ಬೇಕಾಗುತ್ತವೆ.

ನಾವು ಬಳಸುವುದು ಡಿಎಸ್18ಬಿ20 ಸಂವೇದಕ. ಅದರ ದತ್ತಾಂಶದ ತಂತಿಯನ್ನು ಪೈಯ ಜಿಪಿಐಒ 4 ಎಂಬ ಪಿನ್ನಿಗೆ ಜೋಡಿಸಿ, ಆ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿ, ಕಾನ್ಫಿಗ್ ಕಡತದಲ್ಲಿ ಒನ್-ವೈರ್ ಓವರ್‌ಲೇ (ಇಂಥ ಸಂವೇದಕವನ್ನು ಪೈ ಗುರುತಿಸುವಂತೆ ಮಾಡುವ ಸಾಲು) ಸೇರಿಸಿದರೆ, ಪೈಯ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಅದನ್ನು ಸಾಧಾರಣ ಕಡತದಂತೆ ತೆರೆದು ಓದಬಹುದು. ಕಡತದಲ್ಲಿರುವುದು ಎರಡೇ ಸಾಲು. ಎರಡನೆಯ ಸಾಲು ‘ಟಿ=6437’ ಎಂದು ಮುಗಿದರೆ ಉಷ್ಣಾಂಶ 6.437 ಡಿಗ್ರಿ ಸೆಲ್ಸಿಯಸ್ ಎಂದರ್ಥ. ಹಲವರ ಸ್ಕ್ರಿಪ್ಟುಗಳು ಇದನ್ನಷ್ಟೇ ಓದಿ ಮುಂದೆ ಹೋಗುತ್ತವೆ. ಆದರೆ ಮೊದಲ ಸಾಲಿನ ಕೊನೆಯಲ್ಲಿ ಸಿಆರ್‌ಸಿ (ದತ್ತಾಂಶ ದಾರಿಯಲ್ಲಿ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷಾ ಅಂಕಿ) ತಾಳೆಯಾಯಿತೇ ಎಂಬುದನ್ನು ಹೇಳುವ ‘ಯೆಸ್’ ಅಥವಾ ‘ನೋ’ ಇರುತ್ತದೆ. ‘ನೋ’ ಇದ್ದರೆ ಆ ಅಂಕಿಯನ್ನು ಕೈಬಿಟ್ಟು ಮತ್ತೆ ಓದಬೇಕು.

ತಾಳೆ ಸರಿಯಿದ್ದೂ ಸುಳ್ಳಾಗುವ ಅಂಕಿ ಒಂದಿದೆ: 85000. ವಿದ್ಯುತ್ ಬಂದೊಡನೆ ಈ ಸಂವೇದಕದ ನೆನಪಿನಲ್ಲಿರುವ ಆರಂಭಿಕ ಮೌಲ್ಯವೇ 85 ಡಿಗ್ರಿ. ತಂತಿಯ ಜೋಡಣೆ ಸಡಿಲವಾಗಿ ಅಳತೆಯ ನಡುವೆ ಸಂವೇದಕ ಮರುಚಾಲನೆಗೊಂಡರೆ, ಅದೇ ಮೌಲ್ಯ ಯಾವ ದೋಷಸೂಚನೆಯೂ ಇಲ್ಲದೆ ನಮ್ಮ ಕೈಗೆ ಬರುತ್ತದೆ. ಶೀತಲಗೃಹದಲ್ಲಿ 85 ಡಿಗ್ರಿ ಎಂದರೆ ಯಾರಾದರೂ ನಕ್ಕಾರು, ಆದರೆ ದಿನದ ಸರಾಸರಿಯೊಳಗೆ ಸೇರಿಹೋದ ಮೇಲೆ ಅದು ಯಾರ ಕಣ್ಣಿಗೂ ಬೀಳದು.

ಸಮಯದ ತೊಡಕು ಇನ್ನೂ ಸೂಕ್ಷ್ಮವಾದದ್ದು. 2023ರಲ್ಲಿ ಬಂದ ಪೈ 5ಕ್ಕಿಂತ ಹಿಂದಿನ ಮಾದರಿಗಳಲ್ಲಿ ವಿದ್ಯುತ್ ಹೋದಾಗಲೂ ನಡೆಯುವ ಗಡಿಯಾರವಿಲ್ಲ. ಪೈ 5ರಲ್ಲಿ ಇದ್ದರೂ ಅದರ ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು. ರಾತ್ರಿ ಕರೆಂಟು ಹೋಗಿ ಬಂದು, ಇಂಟರ್ನೆಟ್ ಮಾತ್ರ ಬಾರದಿದ್ದರೆ, ಕೊನೆಯ ಬಾರಿ ಮೆಮೊರಿ ಕಾರ್ಡಿನಲ್ಲಿ ಉಳಿಸಿಟ್ಟ ಸಮಯದಿಂದಲೇ ಪೈ ಎಣಿಕೆ ಮುಂದುವರಿಸುತ್ತದೆ. ಆದ್ದರಿಂದ ನಾವು ಡಿಎಸ್3231 ಗಡಿಯಾರದ ಮಾಡ್ಯೂಲನ್ನು ಜೋಡಿಸುವುದಲ್ಲದೆ, ಪ್ರತಿ ದಾಖಲೆಯ ಜೊತೆಗೆ ಯಂತ್ರ ಚಾಲೂ ಆಗಿ ಕಳೆದ ಸೆಕೆಂಡುಗಳನ್ನೂ ಬರೆಯುತ್ತೇವೆ. ಗಡಿಯಾರ ತಪ್ಪಿದ್ದರೂ ಒಂದೇ ಚಾಲನೆಯ ದಾಖಲೆಗಳ ನಡುವಿನ ಅಂತರವನ್ನು ಇದರಿಂದ ಲೆಕ್ಕ ಹಾಕಬಹುದು.

ನಿಗದಿತ ಸಮಯಕ್ಕೆ ಸ್ಕ್ರಿಪ್ಟನ್ನು ಓಡಿಸುವ ಕ್ರಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಮಾಂಡುಗಳಿಗೆ ಪೂರ್ಣ ಪಥವನ್ನು ಕೊಡಿ, ಹಿಂದಿನ ಓಟ ಮುಗಿಯದೆ ಹೊಸದು ಶುರುವಾಗದಂತೆ ‘ಫ್ಲಾಕ್’ ಎಂಬ ಬೀಗದ ಕಮಾಂಡ್ ಬಳಸಿ. ಸರ್ವರ್‌ಗೆ ಕಳುಹಿಸುವ ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದ ನಂತರವೇ ಅದೇ ಕಡತವ್ಯವಸ್ಥೆಯೊಳಗೆ ‘ಎಂವಿ’ ಕಮಾಂಡಿನ ಮೂಲಕ ಹೆಸರು ಬದಲಿಸಿದರೆ, ಅರ್ಧ ಬರೆದ ಕಡತ ಯಾರಿಗೂ ತಲುಪುವುದಿಲ್ಲ.

ಕಾರಣವಿಲ್ಲದೆ ಪೈ ಮರುಚಾಲನೆಗೊಳ್ಳುತ್ತಿದೆ ಎಂಬ ದೂರು ಬಂದಾಗ, ಸ್ಕ್ರಿಪ್ಟನ್ನು ತೆರೆಯುವ ಮೊದಲು ನಾನು ‘ವಿಸಿಜೆನ್‌ಕಮಾಂಡ್ ಗೆಟ್ ಥ್ರಾಟಲ್ಡ್’ ಎಂಬ, ವಿದ್ಯುತ್ ಪೂರೈಕೆ ಕುಸಿದಿತ್ತೇ ಎಂದು ಹೇಳುವ ಕಮಾಂಡನ್ನು ಓಡಿಸುತ್ತೇನೆ. ಉತ್ತರ ಸೊನ್ನೆಯಾಗಿದ್ದರೆ ಈ ಬಾರಿ ಚಾಲೂ ಆದಂದಿನಿಂದ ವೋಲ್ಟೇಜ್ ಕುಸಿದಿಲ್ಲ. ‘0ಎಕ್ಸ್50000’ ಎಂದು ಬಂದರೆ ವೋಲ್ಟೇಜ್ ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದು ಪ್ರೊಸೆಸರಿನ ವೇಗವೂ ತಗ್ಗಿತ್ತು ಎಂದರ್ಥ. ಆಗ ನೋಡಬೇಕಾದದ್ದು ಗೋಡೆಯ ಪ್ಲಗ್ಗಿನಲ್ಲಿರುವ ಹಳೆಯ ಮೊಬೈಲ್ ಚಾರ್ಜರನ್ನೂ ಅದರ ತೆಳು ಕೇಬಲನ್ನೂ.