ಲೂಪ್ ದಾಟಿದ ನೌಕೆ: ನನ್ನ ರೇಸಿಂಗ್ ಗೇಮ್ ಎಲ್ಲಿಗೆ ಬಂತು

ಕೊನೆಗೂ ನೌಕೆ ಲೂಪ್ (ಟ್ರ್ಯಾಕ್ ಮೇಲಕ್ಕೆದ್ದು ಪೂರ್ತಿ ಸುತ್ತು ಹಾಕುವ ಭಾಗ) ಹತ್ತಿ, ತಲೆಕೆಳಗಾಗಿ ಓಡಿ, ಇಳಿದು ಬಂತು. ಟ್ರ್ಯಾಕ್‌ಗೆ ಬಡಿಯಲಿಲ್ಲ, ಆಚೆಗೂ ಹಾರಿಹೋಗಲಿಲ್ಲ. ಸಖತ್ ಖುಷಿಯಾಯಿತು!

ಹೊಸದಾಗಿ ಓದುವವರಿಗೆ ಎರಡು ಮಾತು. ಗೇಮ್ ಮಾಡುವ ಸಾಫ್ಟ್‌ವೇರ್ ಆದ ಗೊಡೊ ಎಂಜಿನ್‌ನಲ್ಲಿ ನಾನು ಮಾಡುತ್ತಿರುವುದು ಚಕ್ರವಿಲ್ಲದ, ತೇಲುವ ನೌಕೆಗಳ ರೇಸ್. 1995ರ ವೈಪ್‌ಔಟ್ ಗೇಮ್‌ನ ನೌಕೆಗಳ ತೂಕ, 1998ರ ಎಫ್-ಝೀರೋ ಎಕ್ಸ್ ಗೇಮ್‌ನ ಲೂಪುಗಳು, ಇವೆರಡೂ ಒಂದೇ ಆಟದಲ್ಲಿ ಬೇಕು ಅನ್ನೋದು ನನ್ನ ಆಸೆ. ಎಫ್-ಝೀರೋ ಎಕ್ಸ್ ಮಾಡಿದವರು ಹಿನ್ನೆಲೆಯ ಚಿತ್ರಗಳನ್ನು ಕಡಿಮೆ ಮಾಡಿ, 30 ನೌಕೆಗಳನ್ನು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡಿಸಿದರು. ವೇಗದ ಆಟಕ್ಕೆ ಅದೇ ಸರಿಯಾದ ಆಯ್ಕೆ.

ತೇಲಿಸುವುದು ಹೀಗೆ: ನೌಕೆಯ ನಾಲ್ಕೂ ಮೂಲೆಯಿಂದ ಕೆಳಕ್ಕೆ ಒಂದೊಂದು ರೇಕಾಸ್ಟ್, ಅಂದರೆ ಟ್ರ್ಯಾಕ್ ಎಷ್ಟು ದೂರದಲ್ಲಿದೆ ಎಂದು ಅಳೆಯುವ ಕಾಣದ ಗೆರೆ. ಟ್ರ್ಯಾಕ್ ಹತ್ತಿರವಾದಷ್ಟೂ ಜಾಸ್ತಿ ತಳ್ಳುವ ಸ್ಪ್ರಿಂಗ್, ಕುಣಿತ ತಡೆಯಲು ಡ್ಯಾಂಪಿಂಗ್. ಡ್ಯಾಂಪಿಂಗ್ ಪೂರ್ತಿ ಕೊಟ್ಟರೆ ನೌಕೆ ಹಳಿ ಮೇಲಿನ ರೈಲಿನ ಹಾಗೆ ಬಿಗಿಯಾಗುತ್ತದೆ. ಅದಕ್ಕೇ ಸ್ವಲ್ಪ ಕಡಿಮೆ ಇಟ್ಟಿದ್ದೇನೆ. ಜಿಗಿದು ಬಿದ್ದಾಗ ನೌಕೆ ಒಮ್ಮೆ ತಗ್ಗಿ ಏಳಬೇಕು. ತೂಕ ಗೊತ್ತಾಗುವುದೇ ಅಲ್ಲಿ, ಅಲ್ವಾ?

ಲೂಪ್‌ನಲ್ಲಿ ತೊಂದರೆ ಕೊಟ್ಟದ್ದು ವೇಗ. ಗಂಟೆಗೆ 900 ಕಿ.ಮೀ. ಅಂದರೆ ಸೆಕೆಂಡಿಗೆ 250 ಮೀಟರ್. ಫಿಸಿಕ್ಸ್ ಲೆಕ್ಕ ನಡೆಯುವುದು ಸೆಕೆಂಡಿಗೆ 60 ಸಲ. ಹಾಗಾಗಿ ಪ್ರತಿ ಲೆಕ್ಕಕ್ಕೂ ನೌಕೆ ನಾಲ್ಕು ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಟ್ರ್ಯಾಕ್ ಆಗಿರುವುದು ಚಪ್ಪಟೆ ತ್ರಿಕೋನಗಳಿಂದ; ಅಷ್ಟರಲ್ಲಿ ನೌಕೆಯ ಕೆಳಗಿನ ತ್ರಿಕೋನ ಬದಲಾಗಿ, 'ಮೇಲೆ' ಅನ್ನುವ ದಿಕ್ಕು ತಟ್ಟನೆ ತಿರುಗಿ, ನೌಕೆ ಗಡಗಡ ನಡುಗುತ್ತಿತ್ತು. ಈಗ ರೇಕಾಸ್ಟ್‌ನಿಂದ ಎತ್ತರ ಮಾತ್ರ ತೆಗೆದುಕೊಳ್ಳುತ್ತೇನೆ. ದಿಕ್ಕು ಬರುವುದು ಟ್ರ್ಯಾಕ್‌ನ ನಡುವಿನ ಕರ್ವ್‌ನಿಂದ. ಗುರುತ್ವವನ್ನೂ ಅದೇ ದಿಕ್ಕಿಗೆ ಕಟ್ಟಿದೆ. ನಡುಕ ನಿಂತಿತು.

ಹಳೆಯ ಪ್ಲೇಸ್ಟೇಷನ್‌ನ ನೋಟಕ್ಕೆ 320×240 ರೆಸೊಲ್ಯೂಷನ್ ಇಟ್ಟು, ಶೇಡರ್‌ನಲ್ಲಿ (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂ) ಪ್ರತಿ ವರ್ಟೆಕ್ಸನ್ನೂ (ಆಕಾರದ ಮೂಲೆಯ ಬಿಂದು) ಹತ್ತಿರದ ಪಿಕ್ಸೆಲ್‌ಗೆ ಕೂರಿಸಿದ್ದೇನೆ. ಕಟ್ಟಡಗಳು ಆಗಿನಂತೆಯೇ ಸಣ್ಣಗೆ ಅದುರುತ್ತವೆ. ಟ್ರ್ಯಾಕ್‌ಗೆ ಮಾತ್ರ ಇದನ್ನು ಹಾಕಿಲ್ಲ. ದೂರದ ತಿರುವು ಸ್ಪಷ್ಟವಾಗಿ ಕಾಣದಿದ್ದರೆ ಆಡುವುದು ಹೇಗೆ?

ಮುಂದಿನ ಕೆಲಸ ಏರ್‌ಬ್ರೇಕ್, ಅಂದರೆ ಒಂದು ಬದಿಯನ್ನು ತಡೆದು ನೌಕೆಯನ್ನು ಆ ಕಡೆಗೆ ತಿರುಗಿಸುವ ಬ್ರೇಕ್. ಎಡಕ್ಕೊಂದು, ಬಲಕ್ಕೊಂದು. ಕೀಬೋರ್ಡ್‌ನಲ್ಲಿ ಒತ್ತಿದ ಕೂಡಲೇ ಪೂರ್ತಿ ಬ್ರೇಕ್ ಬಿದ್ದು ಮೂತಿ ಸರ್ರನೆ ತಿರುಗುತ್ತದೆ. ಬಲ ನಿಧಾನಕ್ಕೆ ಏರುವ ಹಾಗೆ ಮಾಡಿ, ಆಮೇಲೆ ಎದುರಾಳಿ ನೌಕೆಗಳನ್ನು ಟ್ರ್ಯಾಕ್‌ಗೆ ಬಿಡುತ್ತೇನೆ.