ಐದನೆಯ ಅಲೆಗಾಗಿ ಕಾದ ಮಧ್ಯಾಹ್ನ

ಮಗಳ ಮಗುವಿಗೆ ಬೇರಾ ಪರೀಕ್ಷೆ, ಅಂದರೆ ಸದ್ದಿಗೆ ಮೆದುಳುಕಾಂಡ ಕೊಡುವ ಉತ್ತರವನ್ನು ಅಳೆಯುವ ಶ್ರವಣಪರೀಕ್ಷೆ, ಮಾಡಿಸಬೇಕೆಂದು ಮಕ್ಕಳ ವೈದ್ಯರು ಬರೆದುಕೊಟ್ಟಾಗ ನನಗೆ ಮೊದಲು ಬಂದದ್ದು ಸಿಟ್ಟು. ಹುಟ್ಟಿದ ಕೆಲವೇ ದಿನಗಳಲ್ಲಿ ಮಾಡಿದ್ದ ಓಎಇ ಎಂಬ ಒಳಗಿವಿಯ ತಪಾಸಣೆಯಲ್ಲಿ ಎರಡೂ ಕಿವಿಗಳು ‘ಪಾಸ್’ ಆಗಿದ್ದವು. ಆದರೆ ಕೂಸಿಗೆ ಕಾಮಾಲೆ ವಿಪರೀತ ಏರಿ, ನೀಲಿ ಬೆಳಕಿನಡಿ ಮಲಗಿಸಿದ್ದು ಸಾಲದೆ ರಕ್ತವನ್ನೂ ಬದಲಿಸಬೇಕಾಗಿ ಬಂದಿತ್ತು. ಅಷ್ಟು ಏರಿದ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ದ್ರವ್ಯ, ಸದ್ದನ್ನು ಹಿಡಿಯುವ ಒಳಗಿವಿಯ ರೋಮಕೋಶಗಳನ್ನು ಮುಟ್ಟದೆ, ಅಲ್ಲಿಂದ ಮುಂದಕ್ಕೆ ಹೋಗುವ ನರವನ್ನೂ ಮೆದುಳುಕಾಂಡದ ಶ್ರವಣಕೇಂದ್ರಗಳನ್ನೂ ಕೆಡಿಸಬಲ್ಲದು. ಓಎಇ ರೋಮಕೋಶಗಳವರೆಗಿನ ವರ್ತಮಾನವನ್ನಷ್ಟೇ ಹೇಳುತ್ತದೆ ಎಂದು ಅವರು ವಿವರಿಸಿದರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮುಂಬಯಿ ಬಳಿಯ ಕಲ್ಯಾಣದಲ್ಲೇ ದುಡಿದು ನಿವೃತ್ತನಾದ ನನಗೆ, ಉಪಕರಣ ನೆಟ್ಟಗಿದ್ದೂ ಕೇಬಲ್ ಕೆಟ್ಟಿರುವ ಪ್ರಕರಣ ಹೊಸದಲ್ಲ. ಸಿಟ್ಟು ಇಳಿದು ಆ ಜಾಗಕ್ಕೆ ದಿಗಿಲು ಬಂತು.

ಮಗು ಗಾಢವಾಗಿ ನಿದ್ರಿಸುತ್ತಿರಬೇಕು, ಆದ್ದರಿಂದ ಬೆಳಗ್ಗೆಯಿಂದ ಮಲಗಲು ಬಿಡಬೇಡಿ ಎಂದು ಹೇಳಿದ್ದರು. ಡೊಂಬಿವಲಿಯಿಂದ ದಾದರಿನವರೆಗೆ, ಲೋಕಲ್ ರೈಲಿನ ಆ ತೂಗಾಟದಲ್ಲಿ, ನಾಲ್ಕು ತಿಂಗಳ ಕೂಸನ್ನು ಎಚ್ಚರವಾಗಿಡುವುದೆಂದರೇನೆಂದು ಪ್ರಯತ್ನಿಸಿದವರೇ ಬಲ್ಲರು. ಮಗಳು ಅದರ ಅಂಗಾಲು ಕೆರೆದಳು, ನಾನು ಬೀಗದ ಕೈಗೊಂಚಲನ್ನು ಅಲ್ಲಾಡಿಸಿದೆ. ಸದ್ದಿನ ಕಡೆಗೆ ಅದು ತಿರುಗಿತೋ, ಹೊಳಪಿನ ಕಡೆಗೆ ತಿರುಗಿತೋ ತಿಳಿಯಲಿಲ್ಲ.

ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹುಡುಗಿ ನಮ್ಮ ಮಾತು ಕೇಳಿಸಿಕೊಂಡು, ತಾನು ಮೈಸೂರಿನಲ್ಲಿ ಓದಿದವಳೆಂದು ಕನ್ನಡದಲ್ಲೇ ಹೇಳಿದಳು. 1965ರಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆ ಇರುವ ಊರದು. ಮಗುವಿನ ಹಣೆ ಮುಟ್ಟಿದವಳೇ, “ಎಣ್ಣೆ ಹಚ್ಚಬೇಡಿ ಅಂದಿದ್ನಲ್ಲ ಅಕ್ಕಾ?” ಎಂದಳು. ಹಚ್ಚಿದ್ದು ಮಗಳಲ್ಲ, ನನ್ನ ಹೆಂಡತಿ. ಎಣ್ಣೆ ಕಾಣದ ನೆತ್ತಿಯನ್ನು ಅವಳು ಹೊರಗೆ ಕಳಿಸಿದ್ದೇ ಇಲ್ಲ. ಮರಳುಮರಳಾದ ಜೆಲ್ಲಿನಿಂದ ಹಣೆಯನ್ನೂ ಕಿವಿಗಳ ಹಿಂದಿನ ಮೂಳೆಯ ಮೇಲಣ ಚರ್ಮವನ್ನೂ ತಿಕ್ಕಿ ಒರೆಸಿ, ಚರ್ಮದ ವಿದ್ಯುತ್ ತಡೆ 5 ಕಿಲೋ ಓಮ್‌ಗಿಂತ ಕೆಳಗೆ ಬರುವವರೆಗೂ ಅವಳು ಇಲೆಕ್ಟ್ರೋಡ್‌ಗಳನ್ನು ಕಿತ್ತು ಕಿತ್ತು ಅಂಟಿಸಿದಳು. ಮಗು ಕಿರುಚಿತು, ಹಾಲು ಕುಡಿಯಿತು, ಅರ್ಧ ಗಂಟೆಯ ಮೇಲೆ ತಾಯಿಯ ತೊಡೆಯ ಮೇಲೇ ನಿದ್ದೆಹೋಯಿತು.

ಕಿವಿಯೊಳಗಿನ ಪುಟ್ಟ ಇಯರ್‌ಫೋನಿನಲ್ಲಿ ಟಕ್‌ಟಕ್ ಶುರುವಾಯಿತು. ಒಂದೊಂದು ಟಕ್ಕಿಗೂ ಮೆದುಳುಕಾಂಡ ಕೊಡುವ ಉತ್ತರ ಒಂದು ಮೈಕ್ರೋವೋಲ್ಟಿಗಿಂತ ಕಡಿಮೆ. ಅದರ ಮೇಲೆ ಮೆದುಳಿನ, ಸ್ನಾಯುಗಳ ಗದ್ದಲ ಹತ್ತಾರು ಪಟ್ಟು ಎತ್ತರಕ್ಕೆ ಹರಡಿರುತ್ತದೆ. ಅದಕ್ಕೇ ಸುಮಾರು 2000 ಟಕ್ಕುಗಳ ಉತ್ತರವನ್ನು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಉತ್ತರ ಪ್ರತಿಸಲವೂ ಅದೇ ಹೊತ್ತಿಗೆ ಬರುವುದರಿಂದ ಉಳಿಯುತ್ತದೆ. ಗದ್ದಲಕ್ಕೆ ಹೊತ್ತುಗೊತ್ತಿಲ್ಲದ ಕಾರಣ ಅದು 2000ದ ವರ್ಗಮೂಲದಷ್ಟು, ಅಂದರೆ ಸುಮಾರು 45 ಪಟ್ಟು, ತಗ್ಗುತ್ತದೆ. ಟಕ್ಕುಗಳ ವೇಗ ಸೆಕೆಂಡಿಗೆ 27.7 ಎಂದು ಪರದೆಯ ಮೂಲೆಯಲ್ಲಿತ್ತು. ಈ ಚಿಲ್ಲರೆ ಯಾಕೆಂದು ಕೇಳುವ ಮೊದಲೇ ನನಗೆ ಹೊಳೆಯಿತು: 25 ಎಂದಿಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡಿತವೂ ಪ್ರತಿಸಲ ತಾಳ ತಪ್ಪದೆ ಬಂದು, ಸರಾಸರಿಯಲ್ಲಿ ಕರಗದೆ ಕೂರುತ್ತದೆ.

ಆದರೂ ಗೆರೆಗಳು ಹಲ್ಲುಹಲ್ಲಾಗಿ ಏರಿಳಿಯುತ್ತಿದ್ದವು. ಅವಳು ಟ್ಯೂಬ್‌ಲೈಟ್ ಆರಿಸಿದಳು, ವೈರುಗಳನ್ನು ಹೆಣೆದಿಟ್ಟಳು, ಕೊನೆಗೆ ನನ್ನ ಕಡೆ ನೋಡಿದಳು. ಹಾಸಿಗೆಯ ಪಕ್ಕದ ಪ್ಲಗ್ಗಿನಲ್ಲಿ ನನ್ನ ಮೊಬೈಲ್ ಚಾರ್ಜಿಗಿತ್ತು. ವೃತ್ತಿಜೀವನವಿಡೀ ಇನ್ನೊಬ್ಬರಿಗೆ ಬೈದ ತಪ್ಪನ್ನೇ ಮಾಡಿ ಕುಳಿತಿದ್ದ ನಾನು ತುಟಿ ಎರಡು ಮಾಡದೆ ಅದನ್ನು ಕಿತ್ತೆ.

ಆಮೇಲೆ ಅಲೆಗಳು ಮೂಡಿದವು. ಸಂಶೋಧಕರಾದ ಜೂವೆಟ್ ಮತ್ತು ವಿಲಿಸ್ಟನ್ 1971ರಲ್ಲಿ ಕೊಟ್ಟ ರೋಮನ್ ಅಂಕಿಗಳಲ್ಲೇ ಇಂದಿಗೂ ಅವುಗಳನ್ನು ಗುರುತಿಸುತ್ತಾರಂತೆ: ಒಂದನೆಯದು ಶ್ರವಣನರದ್ದು, ಮೂರನೆಯದು ಮೆದುಳುಕಾಂಡದ ಮೊದಲ ಶ್ರವಣಕೇಂದ್ರವಾದ ಕಾಕ್ಲಿಯರ್ ನ್ಯೂಕ್ಲಿಯಸ್ಸಿನ ಆಸುಪಾಸಿನದು, ಐದನೆಯದು ಇನ್ನೂ ಮೇಲಿನದು. ವಯಸ್ಕರಲ್ಲಿ ಜೋರು ಸದ್ದಿಗೆ ಐದನೆಯ ಅಲೆ ಆರು ಮಿಲಿಸೆಕೆಂಡಿನೊಳಗೇ ಬರುತ್ತದೆ. ಕೂಸುಗಳಲ್ಲಿ ನರದ ಹೊದಿಕೆ ಇನ್ನೂ ಬಲಿಯದ ಕಾರಣ ತುಸು ತಡ. 80 ಡೆಸಿಬೆಲ್‌ನಲ್ಲಿ ಎಡಗಿವಿಯ ಮೂರೂ ಶಿಖರಗಳು ಕಂಡವು. ಸದ್ದು ತಗ್ಗಿಸುತ್ತ ಹೋದಂತೆ ಮೊದಲಿನವು ಮಾಸಿದವು, ಐದನೆಯದು ಮಾತ್ರ ಕುಗ್ಗಿ ಕುಗ್ಗಿ ಬಲಕ್ಕೆ ಸರಿಯುತ್ತ 30ರಲ್ಲೂ ಉಳಿಯಿತು. ನಿಜವೋ ಭ್ರಮೆಯೋ ಎಂದು ಅವಳು ಅದನ್ನು ಮತ್ತೊಮ್ಮೆ ತೆಗೆದು, ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟಳು. ಏರು ಇಳಿವು ಎರಡೂ ಕೂಡಿಕೊಂಡವು.

“ಈ ಕಡೆ ದಾರಿ ಸರಿಯಾಗಿದೆ ಅಂಕಲ್, ಪೂರ್ತಿ ರಿಪೋರ್ಟ್ ಡಾಕ್ಟರೇ ಹೇಳ್ತಾರೆ” ಎಂದಳು. ಮಗಳು ಅಳಬಾರದೆಂದು ತುಟಿ ಕಚ್ಚಿ ಹಿಡಿದಿದ್ದಳು; ಮೈ ಅಲುಗಿದರೆ ಮಗು ಏಳುತ್ತದೆಂಬ ಹೆದರಿಕೆ ಅವಳಿಗೆ.

ಬಲಗಿವಿ 50ರವರೆಗೆ ಬಂದಿತ್ತು. ಅಷ್ಟರಲ್ಲಿ ಮಗು ಕಣ್ಣು ಬಿಟ್ಟು, ಹಣೆಯ ವೈರನ್ನು ಹಿಡಿದೆಳೆಯಿತು. ಉಳಿದದ್ದಕ್ಕೆ ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಬರಬೇಕು. ಚೀಟಿಯ ಮೇಲೆ ಅವಳು ‘ಎಣ್ಣೆ ಬೇಡ’ ಎಂದು ಕನ್ನಡದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದುಕೊಟ್ಟಳು.